ಟಿವಿಯಲ್ಲಿ ವಿಡಿಯೊ ನಿಂತು ನಿಂತು ಬರುತ್ತಿದೆಯೇ? ‘ಬೂಸ್ಟರ್’ ಆ್ಯಪ್ ಹಾಕುವ ಮುನ್ನ ಇದನ್ನು ಓದಿ

ಕೊನೆಯ ಓವರ್. ಬೌಲರ್ ಓಡಿ ಬರುತ್ತಿದ್ದಂತೆ ಟಿವಿ ಪರದೆಯಲ್ಲಿ ಚಕ್ರ ಸುತ್ತತೊಡಗುತ್ತದೆ. ಇಂಥ ಹೊತ್ತಿನಲ್ಲಿ ಫ್ಯಾಮಿಲಿ ಗ್ರೂಪಿಗೆ ಬರುವ ಸಲಹೆಗಳೆಲ್ಲ ಸರಿ ಎನಿಸುತ್ತವೆ: ರೂಟರ್ ಹಿಂದೆ ಅಲ್ಯೂಮಿನಿಯಂ ಫಾಯಿಲ್ ಇಡಿ, ದುಬಾರಿ ಪ್ಲಾನ್ ಹಾಕಿಸಿ, ಈ ಲಿಂಕಿನ ‘ಸ್ಪೀಡ್ ಬೂಸ್ಟರ್’ ಇನ್‌ಸ್ಟಾಲ್ ಮಾಡಿ. ಇವುಗಳಲ್ಲಿ ನಿಜವೆಷ್ಟು?

ಮೊದಲು ತೊಂದರೆ ಎಲ್ಲಿದೆ ಎಂದು ನೋಡೋಣ. ಚಕ್ರ ಸುತ್ತಿ ವಿಡಿಯೊ ನಿಂತರೆ ಅದು ಬಫರಿಂಗ್. ಡೇಟಾ ಸಮಯಕ್ಕೆ ಬರುತ್ತಿಲ್ಲ. ಚಕ್ರವಿಲ್ಲದೆ ದೃಶ್ಯ ಮಾತ್ರ ಜರ್ಕ್ ಹೊಡೆಯುತ್ತಿದ್ದರೆ, ಬಂದ ಡೇಟಾವನ್ನು ಬಿಡಿಸಿ ತೋರಿಸಲು ಟಿವಿಯೇ ಒದ್ದಾಡುತ್ತಿರುವ ಸಾಧ್ಯತೆ ಹೆಚ್ಚು. ಪರೀಕ್ಷೆ ಸುಲಭ: ಟಿವಿ ಪಕ್ಕದಲ್ಲೇ ನಿಂತು, ಅದೇ ವೈಫೈನಲ್ಲಿ, ಅದೇ ವಿಡಿಯೊವನ್ನು ಮೊಬೈಲಿನಲ್ಲಿ ಹಾಕಿ. ಅಲ್ಲೂ ನಿಂತರೆ ನೆಟ್ ಕಡೆ ನೋಡಿ, ಅಲ್ಲಿ ಸಲೀಸಾಗಿ ಓಡಿದರೆ ಟಿವಿ ಕಡೆ. (ಪಕ್ಕದ ಮನೆಯ ಡಿಟಿಎಚ್‌ನಲ್ಲಿ ವಿಕೆಟ್ ಮೊದಲೇ ಬೀಳುವುದು ದೋಷವಲ್ಲ. ನೆಟ್ ಮೂಲಕ ಬರುವ ಲೈವ್ ಸಾಮಾನ್ಯವಾಗಿ ಕೆಲವು ಸೆಕೆಂಡು ಹಿಂದೆಯೇ ಇರುತ್ತದೆ.)

ದುಬಾರಿ ಪ್ಲಾನ್ ಬೇಕೇ? ಬಹುಪಾಲು ಮನೆಗಳಿಗೆ ಬೇಡ. 1080ಪಿ ವಿಡಿಯೊಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಇರಲಿ ಎನ್ನುತ್ತದೆ ನೆಟ್‌ಫ್ಲಿಕ್ಸ್. ನಿಮ್ಮದು 50 ಎಂಬಿಪಿಎಸ್ ಪ್ಲಾನ್ ಆಗಿದ್ದರೂ ಟಿವಿಗೆ ಅಷ್ಟು ತಲುಪುತ್ತಿಲ್ಲ ಎಂದರೆ ವೇಗ ದಾರಿಯಲ್ಲೇ ಸೋರುತ್ತಿದೆ. ಫೈಬರ್ ವೈರ್ ಒಳಬಂದ ಮೂಲೆಯಲ್ಲೇ ರೂಟರ್ ಕೂರಿಸಿರುತ್ತಾರೆ. ನಡುವೆ ಎರಡು ಗೋಡೆ, ಒಂದು ಕಬ್ಬಿಣದ ಬೀರು. 2.4 ಗಿಗಾಹರ್ಟ್ಸ್ ವೈಫೈ ದೂರ ಹೋಗುತ್ತದೆ, ಆದರೆ ನಿಧಾನ. ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅದೇ ಆಸುಪಾಸಿನ ತರಂಗಗಳಲ್ಲಿವೆ. 5 ಗಿಗಾಹರ್ಟ್ಸ್ ವೇಗವಾಗಿದೆ, ಗೋಡೆಗೆ ಸೋಲುತ್ತದೆ. ಟಿವಿ ಅದೇ ಕೋಣೆಯಲ್ಲಿದ್ದರೆ 5ಕ್ಕೆ ಬದಲಿಸಿ. ಇವೆಲ್ಲಕ್ಕಿಂತ ಒಳ್ಳೆಯದು ರೂಟರ್‌ನಿಂದ ಟಿವಿಗೆ ನೇರ ಲ್ಯಾನ್ ಕೇಬಲ್. ನೋಡಲು ಚೆಂದವಲ್ಲ, ಕೆಲಸ ಮಾಡುತ್ತದೆ.

ತೊಂದರೆ ಟಿವಿಯದ್ದಾದರೆ ಒಮ್ಮೆ ಪ್ಲಗ್ ತೆಗೆದು ಒಂದು ನಿಮಿಷದ ನಂತರ ಹಾಕಿ. ರಿಮೋಟ್‌ನಿಂದ ಆಫ್ ಮಾಡಿದರೆ ಅನೇಕ ಟಿವಿಗಳು ಬರೀ ಸ್ಟ್ಯಾಂಡ್‌ಬೈಗೆ ಹೋಗುತ್ತವೆ. ಬಳಸದ ಆ್ಯಪ್ ಅಳಿಸಿ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಆದರೂ ಆಗದಿದ್ದರೆ ಹೊಸ ಟಿವಿ ಬೇಡ. ಎಚ್‌ಡಿಎಂಐಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಚುಚ್ಚಿದರೆ ಹಳೆಯ ಪರದೆ ಇನ್ನೂ ಕೆಲವು ವರ್ಷ ನಡೆಯುತ್ತದೆ.

ಫಾಯಿಲ್ ಮಾತು ಪೂರ್ತಿ ಸುಳ್ಳಲ್ಲ. ಲೋಹ ತರಂಗವನ್ನು ಪ್ರತಿಫಲಿಸುತ್ತದೆ, ಹಾಗಾಗಿ ಒಂದು ಕಡೆ ಸಿಗ್ನಲ್ ಹೆಚ್ಚಬಹುದು, ಇನ್ನೊಂದು ಕಡೆ ಸಾಯಬಹುದು. ರೂಟರ್‌ಗೆ ಸುತ್ತಿಬಿಟ್ಟರೆ ಸಿಗ್ನಲ್ಲೂ ಹೋಯಿತು, ಬಿಸಿಯೂ ಏರಿತು.

ನಿಜವಾದ ಅಪಾಯ ಆ ‘ಬೂಸ್ಟರ್’ ಲಿಂಕ್. ಪ್ಲಾನ್ ಮತ್ತು ರೂಟರ್ ಕೊಡುವುದಕ್ಕಿಂತ ಹೆಚ್ಚಿನ ವೇಗವನ್ನು ಯಾವ ಆ್ಯಪ್ ಕೂಡ ಸೃಷ್ಟಿಸಲಾರದು. ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್ ಮೊಬೈಲಿಗೆ ಇಳಿದು ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿತೆಂದರೆ, ಅದು ಹುಡುಕುತ್ತಿರುವುದು ಬ್ಯಾಂಕಿನ ಒಟಿಪಿ. ಟಿವಿ ರಿಪೇರಿಗೆಂದು ಗೂಗಲ್‌ನಲ್ಲಿ ಸಿಕ್ಕ ‘ಕಸ್ಟಮರ್ ಕೇರ್’ ನಂಬರಿನವರು ಸ್ಕ್ರೀನ್ ಶೇರಿಂಗ್ ಆ್ಯಪ್ ಹಾಕಿಸಿದರೂ ಅಷ್ಟೇ. ನಂಬರನ್ನು ಬಿಲ್ ಅಥವಾ ವಾರಂಟಿ ಕಾರ್ಡಿನಿಂದಲೇ ತೆಗೆದುಕೊಳ್ಳಿ. ಆಗಲೇ ಇನ್‌ಸ್ಟಾಲ್ ಆಗಿದ್ದರೆ ಮೊಬೈಲಿನ ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.