ಕಟ್ಟಿಗೆ ಕ್ಯಾಮೆರಾಕ್ಕೆ ರೇಟ್ ಬಂತು, ನಮ್ಮ ಮುಖಗಳಿಗೆ?



ಹೋದ ವಾರ ವಿಜಯಪುರದ ಒಂದು ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಗಲ್ಲೆಯ ಪಕ್ಕ ಮೂರು ಕಾಲಿನ ಹಳೇ ಕಟ್ಟಿಗೆ ಕ್ಯಾಮೆರಾ ನಿಂತಿತ್ತು. ಹಿತ್ತಾಳೆ ಲೆನ್ಸು, ಮ್ಯಾಲ ಕರಿ ಬಟ್ಟೆ. ಎಷ್ಟಕ್ಕೆ ತಂದ್ರಿ ಅಂತ ಕೇಳಿದೆ. "35 ಸಾವಿರ ಕೊಟ್ಟೀನ್ರಿ ಸರ್. ಬರೀ ಶೋ ಸಲುವಾಗಿ" ಅಂದರು ಮಾಲಕರು.

ಈ ಊರಿಗೆ ಇಂಥ ಕ್ಯಾಮೆರಾ ಹೊಸದಲ್ಲ. ಬಿಗ್ಸ್, ಲಾಕ್ ಎಂಬ ಬ್ರಿಟಿಷ್ ಸೇನಾಧಿಕಾರಿಗಳು ಬಿಜಾಪುರದ ಕಟ್ಟಡಗಳ ಫೋಟೊ ತೆಗೆದರು. ಮೆಡೋಸ್ ಟೇಲರ್, ಫರ್ಗ್ಯುಸನ್ ಬರಹದ ಜೊತೆ ಅವು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಗುಮ್ಮಟಕ್ಕೆ ಫೋಟೊ ಸಿಕ್ಕಿತು. ಜನರಿಗೆ? 1868ರಿಂದ 1875ರವರೆಗೆ ಸರ್ಕಾರ 'ದಿ ಪೀಪಲ್ ಆಫ್ ಇಂಡಿಯಾ' ಅಂತ ಎಂಟು ಸಂಪುಟ ತಂದಿತು. ಅಲ್ಲಿ ಬಹಳಷ್ಟು ಚಿತ್ರಗಳ ಕೆಳಗೆ ಮನುಷ್ಯನ ಹೆಸರಿಲ್ಲ, ಜಾತಿಯ ಹೆಸರಿದೆ.

ವಿದೇಶಿ ಕ್ಯಾಮೆರಾ ಸಣ್ಣ ಊರಿನ ಸ್ಟುಡಿಯೊಗಳಿಗೆ ಭಾರವಾಗಿತ್ತು. 1940ರ ದಶಕದಲ್ಲಿ ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ತೇಗಿನ ಕಟ್ಟಿಗೆಯಿಂದ 'ವಾಗೀಶ್ವರಿ' ಕ್ಯಾಮೆರಾ ಮಾಡತೊಡಗಿದರು. ಅದು ದೇಶದ ತುಂಬ ಸ್ಟುಡಿಯೊಗಳಿಗೆ ಹೋಯಿತು. ಇಂಥ ಕ್ಯಾಮೆರಾಗಳ ಮುಂದೆಯೇ ನಮ್ಮವರೂ ಬಂದು ಕೂತರು.

ನಮ್ಮ ಮುತ್ಯಾ ತಿಕೋಟಾದವ, ಆಯಿ ಬಬಲೇಶ್ವರದಾಕಿ. 1950ರ ದಶಕದಲ್ಲಿ ಲಗ್ನ ಆದಮ್ಯಾಲ ಬಿಜಾಪುರಕ್ಕೆ ಬಂದು ಒಂದು ಫೋಟೊ ತೆಗೆಸಿಕೊಂಡಿದ್ದರು. ಮುತ್ಯಾನ ಮೈಮೇಲಿನ ಕೋಟು ಸ್ಟುಡಿಯೊದ್ದು. ಊರಾಗ ನಮಗೆ ಚಹಾದ ಕಪ್ಪು ಬ್ಯಾರೆ ಇಡತಿದ್ದ ಕಾಲ. "ಕುರ್ಚಿ ಮ್ಯಾಲ ಕೂಡ್ರು ಅಂತ ನಿಮ್ಮ ಮುತ್ಯಾಗ ಮೊದಲ ಹೇಳಿದಾಂವ ಆ ಫೋಟೊದಾಂವನ" ಅಂತ ಆಯಿ ಹೇಳುತ್ತಿದ್ದಳು.

ಆ ಫೋಟೊಕ್ಕೆ ಗೆದ್ದಲು ಹತ್ತಿತು. ನೆಗೆಟಿವ್ ಆದರೂ ಸಿಕ್ಕೀತು ಅಂತ ಸ್ಟುಡಿಯೊ ಹುಡುಕಿಕೊಂಡು ಹೋದೆ. ಮಾಲಕರ ಮಗನಿಗೂ ಈಗ ವಯಸ್ಸಾಗಿದೆ.

"ಡಿಜಿಟಲ್ ಬಂದಮ್ಯಾಲ ಅದನ್ನ ಯಾರ ಕೇಳತಾರ ತಮ್ಮಾ? ಗುಜರಿಯಾಂವ ಹಿತ್ತಾಳಿ ತೂಕ ಹಾಕಿ 600 ರೂಪಾಯಿ ಕೊಟ್ಟು ಒಯ್ದ" ಅಂದರು.

"ನೆಗೆಟಿವ್ ಕಾಕಾ?"

"ಅವು ಕಾಚಿನವು. ಬಿಸಿನೀರಾಗ ತೊಳದು ದೇವರ ಫೋಟೊಗಳಿಗೆ ಕಟ್ಟು ಹಾಕಾಕ ಬಳಸಿದ್ವಿ."

ಅವರ ತಪ್ಪು ಅನ್ನಲಾರೆ. ಹೊಟ್ಟೆಪಾಡು. ಆದರೆ ಯಾರ ಮನೆಯ ಯಾವ ದೇವರ ಮುಂದೆ ನಮ್ಮ ಮುತ್ಯಾನ ಕಾಚು ಇದೆಯೋ!

ರೇಟ್ ಹೆಂಗ ಏರಿಳೀತು ನೋಡ್ರಿ. ದುಡಿಯುವಾಗ ಅದು ಅನ್ನದ ಸಾಮಾನು. ಸಣ್ಣ ರೋಲ್ ಫಿಲ್ಮ್ ಬಂದಾಗ ಮೂಲೆಗೆ ಬಿತ್ತು, ಡಿಜಿಟಲ್ ಬಂದಾಗ ಗುಜರಿಗೆ. ಈಗ ಹೋಟೆಲು, ಸಿನಿಮಾ ಸೆಟ್ಟು, ಸಂಗ್ರಹಕಾರರು ಬೇಕು ಅಂದದ್ದಕ್ಕೆ ಸಾವಿರಗಟ್ಟಲೆ. ಈ ರೇಟ್ ಕಟ್ಟಿಗೆಗೆ, ಹಿತ್ತಾಳೆಗೆ. ಅದು ನೋಡಿದ ಮುಖಗಳಿಗೆ ಯಾರೂ ರೇಟ್ ಕಟ್ಟಲಿಲ್ಲ.

ನಮ್ಮ ಓಣಿಗಳ ಚರಿತ್ರೆ ಯಾವ ಗ್ಯಾಝೆಟಿಯರಿನಲ್ಲೂ ಪೂರ್ತಿ ಸಿಗುವುದಿಲ್ಲ. ಟ್ರಂಕಿನ ತಳದ ಆ ಒಂದು ಫೋಟೊದಲ್ಲಿ ಇದೆ. ಇವತ್ತೇ ತೆಗೆಯಿರಿ, ಮೊಬೈಲಿನಲ್ಲಿ ಒಂದು ಪ್ರತಿ ಮಾಡಿಕೊಳ್ಳಿ. ಮನೆಯ ಹಿರಿಯರು ಇರುವಾಗಲೇ ಕೇಳಿ, ಹಿಂದೆ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿರಿ. ಜಾತಿಯಲ್ಲ, ಹೆಸರು.

ಜೈಭೀಮ್.