ಆಹಾರಜನ್ಯ ಬ್ಯಾಕ್ಟೀರಿಯಾಗಳ ಅಧ್ಯಯನ: ಬೆಳೆದ ದಾರಿ, ಉಳಿದ ಕೊರತೆ

ಕೊಳೆತ ಮಾಂಸದಲ್ಲಿ ಹುಟ್ಟುವ ‘ಟೊಮೇನ್’ ಎಂಬ ರಾಸಾಯನಿಕವೇ ಊಟದ ನಂತರದ ವಾಂತಿಭೇದಿಗೆ ಕಾರಣವೆಂದು 19ನೆಯ ಶತಮಾನದ ಕೊನೆಯಲ್ಲೂ ಅನೇಕ ವೈದ್ಯರು ನಂಬಿದ್ದರು. 1888ರಲ್ಲಿ ಜರ್ಮನಿಯ ಫ್ರಾಂಕೆನ್‌ಹೌಸೆನ್‌ನಲ್ಲಿ ಕಾಯಿಲೆಬಿದ್ದ ಹಸುವಿನ ಮಾಂಸ ತಿಂದವರು ಹಾಸಿಗೆ ಹಿಡಿದಾಗ, ಆಗಸ್ಟ್ ಗ್ಯಾರ್ಟ್ನರ್ ಆ ಮಾಂಸದಲ್ಲೂ ಅವರಲ್ಲಿ ಸತ್ತ ಒಬ್ಬನ ದೇಹದಲ್ಲೂ ಒಂದೇ ಬ್ಯಾಕ್ಟೀರಿಯಾ ಕಂಡರು. ಇಂದು ಅದು ಸಾಲ್ಮೊನೆಲ್ಲಾ ಗುಂಪಿನಲ್ಲಿದೆ. ಸ್ವಲ್ಪ ಕಾಲದಲ್ಲೇ ಬೆಲ್ಜಿಯಂನ ವಾನ್ ಎರ್ಮೆಂಗೆಮ್ ಹಂದಿಮಾಂಸದಿಂದ ಬಾಟ್ಯುಲಿಸಂನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮ್ಯಾಲನ್ ತಾನು ಗಟ್ಟಿಮುಟ್ಟಾಗಿದ್ದುಕೊಂಡೇ ಟೈಫಾಯ್ಡ್ ಹರಡುತ್ತಿದ್ದುದು 1907ರಲ್ಲಿ ಬಯಲಾಯಿತು. ಪಠ್ಯಪುಸ್ತಕಗಳು ಆಕೆಗೆ ಕೊಡುವ ಜಾಗ ಅಗತ್ಯಕ್ಕಿಂತ ಹೆಚ್ಚು.

ಬ್ಯಾಕ್ಟೀರಿಯಾ ಇಲ್ಲದಿದ್ದರೂ ಅದು ಬಿಟ್ಟ ವಿಷವೊಂದೇ ಕಾಯಿಲೆ ತರಬಲ್ಲದು ಎಂಬುದು ಸಾಬೀತಾದ ಮೇಲೆಯೇ ಈ ಕ್ಷೇತ್ರ ಸ್ವಂತ ಕಾಲ ಮೇಲೆ ನಿಂತಿತು. 1930ರಲ್ಲಿ ಷಿಕಾಗೋದ ಡ್ಯಾಕ್ ಮತ್ತು ಸಂಗಡಿಗರು ಕೇಕಿನಲ್ಲಿ ಸಿಕ್ಕ ಸ್ಟೆಫಿಲೊಕಾಕಸ್ ಬೆಳೆಸಿ, ಸೋಸಿದ ದ್ರವವನ್ನು ಸ್ವಯಂಸೇವಕರಿಗೆ ಕುಡಿಸಿ ಇದನ್ನು ತೋರಿಸಿದರು. ಕಾಲರಾದ ವಿಷಯದಲ್ಲಿ ಅದೇ ಕೆಲಸ ಮಾಡಿದವರು ಕಲ್ಕತ್ತಾದ ಶಂಭುನಾಥ ಡೇ. ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ಕಟ್ಟಿ, ಅದರೊಳಗೆ ಬ್ಯಾಕ್ಟೀರಿಯಾ ಇಲ್ಲದ ಸೋಸಿದ ದ್ರವವನ್ನು ಹಾಕಿದರೂ ನೀರು ತುಂಬಿ ಕರುಳು ಉಬ್ಬಿತು. 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ತಾಯ್ನಾಡಿನಲ್ಲಿ ಅವರಿಗೆ ಸಿಕ್ಕ ಮನ್ನಣೆ ನಾಚಿಕೆಪಡುವಷ್ಟು ಕಡಿಮೆ. ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆ ಅವರಿಗಾಗಿ ವಿಶೇಷ ಸಂಚಿಕೆ ತಂದದ್ದು 1990ರಲ್ಲಿ, ಅವರು ತೀರಿಕೊಂಡು ಐದು ವರ್ಷಗಳಾದ ಮೇಲೆ.

1950ರ ದಶಕದಿಂದ 1970ರ ದಶಕದವರೆಗೆ ಅಡುಗೆಮನೆಯ ಲೆಕ್ಕವೇ ಬದಲಾಯಿತು. ಹಿಂದಿನ ದಿನ ಬೇಯಿಸಿ ನಿಧಾನವಾಗಿ ಆರಲು ಬಿಟ್ಟ ಮಾಂಸದಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಹೆಚ್ಚಿಕೊಳ್ಳುವುದನ್ನು ಲಂಡನ್ನಿನ ಬೆಟ್ಟಿ ಹಾಬ್ಸ್ ಮತ್ತವರ ತಂಡ 1953ರಲ್ಲಿ ವಿವರಿಸಿತು. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳ ಫ್ರೈಡ್ ರೈಸ್ ತಿಂದವರ ವಾಂತಿಗೆ ಬ್ಯಾಸಿಲಸ್ ಸೀರಿಯಸ್ ಕಾರಣವೆಂದು ಗೊತ್ತಾಯಿತು. ಅನ್ನ ತಿನ್ನುವ ನಾಡಿಗೆ ಇದಕ್ಕಿಂತ ಮುಖ್ಯವಾದ ಸಂಶೋಧನೆ ಇನ್ನೊಂದಿಲ್ಲ. ಅಕ್ಕಿಯಲ್ಲಿರುವ ಈ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ದೊಡ್ಡ ಹಂಡೆಯಲ್ಲಿ ಮಾಡಿದ ಅನ್ನದ ಮೇಲ್ಪದರ ಆರಿದರೂ ನಡುಭಾಗ ಗಂಟೆಗಟ್ಟಲೆ ಉಗುರುಬೆಚ್ಚಗಿರುತ್ತದೆ. ಬೀಜಕಗಳು ಮೊಳೆತು ವಿಷ ಬಿಡುವುದು ಅಲ್ಲಿಯೇ. ಆ ವಿಷ 121 ಡಿಗ್ರಿ ಸೆಲ್ಸಿಯಸ್ ಶಾಖವನ್ನೂ ತಡೆಯಬಲ್ಲದು. ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೆ ಬ್ಯಾಕ್ಟೀರಿಯಾ ಸತ್ತೀತು, ವಿಷ ಹಾಗೇ ಇರುತ್ತದೆ. ಹುಣಸೆಹುಳಿ ಚೆನ್ನಾಗಿ ಹಿಡಿದ ಪುಳಿಯೋಗರೆಯಲ್ಲಿ ಈ ಭಯ ಕಡಿಮೆ, ಏಕೆಂದರೆ ಹುಳಿಯಲ್ಲಿ ಇದು ಸುಲಭವಾಗಿ ಬೆಳೆಯದು.

1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಇಂಥ ಬ್ಯಾಕ್ಟೀರಿಯಾಗಳನ್ನು ಭಾರತದ ತಿನಿಸುಗಳಲ್ಲೇ ಪರೀಕ್ಷಿಸುವ ಪದ್ಧತಿ ಬೆಳೆಸಿತು. ಹೆಸರು ಮಾಡಿದ ಪರದೇಶಿ ಪ್ರಯೋಗಾಲಯಗಳು ಕೇಕು, ಸಾಸೇಜುಗಳನ್ನು ನೋಡುತ್ತಿದ್ದಾಗ ಇದನ್ನು ಬೇರೆಯವರು ಮಾಡುವಂತಿರಲಿಲ್ಲ. ಕರಾವಳಿಯಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಡ್ಯಾ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ಮೀನು, ಸಿಗಡಿ, ಮರುವಾಯಿಗಳಲ್ಲಿನ ವಿಬ್ರಿಯೊ ಬ್ಯಾಕ್ಟೀರಿಯಾಗಳ ಬೆನ್ನುಹತ್ತಿದರು. 1950ರಲ್ಲಿ ಜಪಾನಿನ ಒಸಾಕಾದಲ್ಲಿ 20 ಜನರ ಸಾವಿಗೆ ಕಾರಣವಾದ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಸಮುದ್ರದಲ್ಲಿ ಸರ್ವೇಸಾಮಾನ್ಯ. ಕಾಯಿಲೆ ತರುವುದು ವಿಷದ ಜೀನ್ ಹೊತ್ತ ಕೆಲವು ತಳಿಗಳು ಮಾತ್ರ. ಬ್ಯಾಕ್ಟೀರಿಯಾ ಇದೆಯೇ ಎಂದಷ್ಟೇ ಕೇಳದೆ, ಆ ಜೀನ್ ಇದೆಯೇ ಎಂದು ಪಿಸಿಆರ್ ಮೂಲಕ ನೋಡುವುದು ಮಂಗಳೂರಿನ ದಾರಿ.

ಅಮೆರಿಕದ ಬಾಹ್ಯಾಕಾಶ ಯಾತ್ರಿಗಳ ಊಟಕ್ಕಾಗಿ ರೂಪುಗೊಂಡ ಹ್ಯಾಸಪ್ ಪದ್ಧತಿ ಸಿದ್ಧವಾದ ಆಹಾರವನ್ನು ಕೊನೆಗೆ ಪರೀಕ್ಷಿಸುವ ಬದಲು ತಯಾರಿಕೆಯ ಒಂದೊಂದು ಹಂತವನ್ನೂ ಕಾಯುತ್ತದೆ. ಶುಚಿತ್ವದ ಕೊರತೆಯ ಕಾರಣ ಕೊಟ್ಟು ಐರೋಪ್ಯ ಒಕ್ಕೂಟ 1997ರಲ್ಲಿ ಭಾರತದ ಮೀನನ್ನು ತಡೆದಾಗ ರಫ್ತು ಘಟಕಗಳು ಇದನ್ನು ಬೇಗ ಕಲಿತವು. ಯುರೋಪಿಗೆ ಹೋಗುವ ಸಿಗಡಿಗೆ ಸಿಗುವ ತಪಾಸಣೆ ಊರಿನ ಮೀನು ಮಾರುಕಟ್ಟೆಗೆ ಇನ್ನೂ ಬಂದಿಲ್ಲ. ಇತ್ತೀಚಿನ ಜೀನೋಮ್ ಹೋಲಿಕೆಯ ವಿಧಾನಗಳು ದೂರದೂರದ ರೋಗಿಗಳನ್ನು ಒಂದೇ ಮೂಲಕ್ಕೆ ಜೋಡಿಸಬಲ್ಲವು; ಆದರೆ ಅದಕ್ಕೆ ಮೊದಲು ಯಾರಾದರೂ ಮಾದರಿ ಸಂಗ್ರಹಿಸಿರಬೇಕು.

ಕೊರತೆ ಇರುವುದು ಅಲ್ಲಿಯೇ. ಹಾಸ್ಟೆಲಿನಲ್ಲೋ ಮದುವೆಮನೆಯಲ್ಲೋ ಜನ ಅಸ್ವಸ್ಥರಾದರೆ ‘ಸಾಂಬಾರಿಗೆ ಹಲ್ಲಿ ಬಿದ್ದಿತ್ತು’ ಎಂಬ ಸುದ್ದಿಗೆ ಪ್ರಕರಣ ಮುಗಿದುಬಿಡುತ್ತದೆ. ಮನೆಹಲ್ಲಿಗೆ ವಿಷವಿಲ್ಲ. ಅದರ ಕರುಳಿನಲ್ಲಿ ಸಾಲ್ಮೊನೆಲ್ಲಾ ಇರುವುದುಂಟು, ಆದರೆ ಕೊತಕೊತ ಕುದಿಯುವ ಸಾಂಬಾರಿನಲ್ಲಿ ಅದು ಉಳಿಯದು. ಉಳಿದರೂ ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 6ರಿಂದ 72 ಗಂಟೆ ಬೇಕು. ಉಂಡ ಎರಡು ಮೂರು ಗಂಟೆಯೊಳಗೆ ವಾಂತಿ ಶುರುವಾದರೆ ಮೊದಲು ಅನುಮಾನಿಸಬೇಕಾದದ್ದು ಹೊತ್ತು ಮೀರಿದ ಅನ್ನವನ್ನು, ಇಲ್ಲವೇ ಕುರು ಎದ್ದ ಕೈಯಲ್ಲಿ ಕಾಯಿ ತುರಿದು ಸೆಖೆಯಲ್ಲಿ ಇಟ್ಟ ಚಟ್ನಿಯನ್ನು. ಬಿಸಿಯೂಟ ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಒಳ್ಳೆಯದೇ, ಆದರೆ ಸ್ಟೆಫಿಲೊಕಾಕಸ್ ವಿಷಕ್ಕೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ.

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಅಂದಾಜಿನಂತೆ ಕಲುಷಿತ ಆಹಾರದಿಂದ ವರ್ಷಕ್ಕೆ 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4,20,000 ಮಂದಿ ಸಾಯುತ್ತಾರೆ. ಭಾರತದ ಪಾಲನ್ನು ಸರಿಯಾಗಿ ಹೇಳಬೇಕಾದರೆ ಪ್ರತಿ ಪ್ರಕರಣದಲ್ಲೂ ಯಾರು ಏನು ತಿಂದರು, ಎಷ್ಟು ಹೊತ್ತಿಗೆ ವಾಂತಿಯಾಯಿತು ಎಂಬ ಪಟ್ಟಿ, ರೋಗಿಗಳ ಮಲ ಪರೀಕ್ಷೆ, ಊಟದ ಮಾದರಿ ಇವಿಷ್ಟು ಬೇಕು. ಶುದ್ಧ ಡಬ್ಬಿಗಳಲ್ಲಿ ಪ್ರತಿ ಪದಾರ್ಥದ ಸ್ವಲ್ಪ ಭಾಗವನ್ನು ತೆಗೆದು ಮಂಜುಗಡ್ಡೆಯಲ್ಲಿಟ್ಟು ತಾಲ್ಲೂಕು ಆರೋಗ್ಯಾಧಿಕಾರಿಗೆ ತಲುಪಿಸುವುದು ದುಬಾರಿ ಕೆಲಸವೇನಲ್ಲ. ಅದು ಪಾತ್ರೆಗಳನ್ನು ತೊಳೆಯುವ ಮುನ್ನ ಆಗಬೇಕು.