ಶಿವನಸಮುದ್ರವಾಸದ ಗುಣದೋಷ ವಿಚಾರ

ವಾಸಕ್ಕೆ ಊರನ್ನು ಆರಿಸಿಕೊಳ್ಳುವವನು ಐದು ಸಂಗತಿಗಳನ್ನು ವಿಚಾರಿಸಬೇಕೆಂದು ನಮ್ಮ ನೀತಿಶಾಸ್ತ್ರವು ಹೇಳುವುದು. ನದಿಯುಂಟೆ, ಅರಸನ ರಕ್ಷಣೆಯುಂಟೆ, ದ್ರವ್ಯವಂತರುಂಟೆ, ವಿದ್ವಾಂಸರುಂಟೆ, ವೈದ್ಯರುಂಟೆ ಎಂಬುವೇ ಆ ಐದು. ಶಿವನಸಮುದ್ರಕ್ಕೆ ಹೋಗಿಬರುವ ಸಹಸ್ರಾರು ಜನರಲ್ಲಿ ಈ ಪ್ರಶ್ನೆಗಳನ್ನು ಕೇಳುವವರು ವಿರಳ. ಅವರಿಗೆ ಅದು ಬೆಳಗ್ಗೆ ಹೋಗಿ ಸಂಜೆಗೆ ಮರಳತಕ್ಕ ಜಲಪಾತದ ಸ್ಥಳ. ಆದರೆ ಆ ನೆಲದಲ್ಲಿ ಜನರು ಬೇರೆ ಬೇರೆ ಕಾಲಗಳಲ್ಲಿ ಮೂರು ಬಾರಿ ನೆಲಸಲು ಯತ್ನಿಸಿದರು. ಅಲ್ಲಿ ಬಾಳಿದವರಿಗೆ ಆ ಸ್ಥಳವು ಏನನ್ನು ಕೊಟ್ಟಿತು, ಏನನ್ನು ಕಿತ್ತುಕೊಂಡಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕಾವೇರಿಯು ಇಲ್ಲಿ ಎರಡು ಕವಲಾಗಿ ಒಡೆದು ನಡುವೆ ಒಂದು ದ್ವೀಪವನ್ನು ಬಿಟ್ಟಿರುವಳು. ಪಶ್ಚಿಮದ ಕವಲು ಗಗನಚುಕ್ಕಿಯಲ್ಲಿ ಸುಮಾರು 300 ಅಡಿ, ಪೂರ್ವದ ಕವಲು ಭರಚುಕ್ಕಿಯಲ್ಲಿ 200 ಅಡಿಗೂ ಮೇಲ್ಪಟ್ಟು ಧುಮುಕಿ, ಕೆಳಗೆ ಮರಳಿ ಕೂಡಿಕೊಳ್ಳುವುವು. ಮಳವಳ್ಳಿಯ ಕಡೆಯ ದಡವು ಮಂಡ್ಯ ಜಿಲ್ಲೆಗೂ ದ್ವೀಪವು ಕೊಳ್ಳೇಗಾಲದ ಸೀಮೆಗೂ ಸೇರಿದುವು. ಐದರಲ್ಲಿ ನದಿಯೊಂದಕ್ಕೆ ಇಲ್ಲಿ ಎಂದೂ ಕೊರತೆಯಿರಲಿಲ್ಲ. ಆದರೆ ಊರನ್ನು ಶತ್ರುವಿನಿಂದ ಕಾಯುವ ಆ ನೀರೇ ಊರನ್ನು ನೆರೆಹೊರೆಯಿಂದ ಬೇರ್ಪಡಿಸುವುದೂ ಆಗಿದ್ದಿತು.

ಮೊದಲು ಇಲ್ಲಿ ನೆಲಸಿದವರು ಈ ನೀರನ್ನು ಕಂದಕವೆಂದು ಬಗೆದವರು. ಉಮ್ಮತ್ತೂರಿನ ಗಂಗರಾಜನು ವಿಜಯನಗರಕ್ಕೆ ಎದುರುಬಿದ್ದು ದ್ವೀಪದ ಕೋಟೆಯನ್ನು ಆಶ್ರಯಿಸಿದನು. ಕೃಷ್ಣದೇವರಾಯನು 1510ರಿಂದ 1512ರ ವರೆಗಿನ ದಂಡಯಾತ್ರೆಯಲ್ಲಿ ಉಮ್ಮತ್ತೂರಿನ ಶಕ್ತಿಯನ್ನು ಮುರಿದು, ಈ ಕೋಟೆಯನ್ನೂ ಮುತ್ತಿ ಹಿಡಿದನು. ಹೊರಗಿನವನಿಗೆ ಒಳನುಗ್ಗುವುದು ಎಷ್ಟು ಕಷ್ಟವೋ, ಮುತ್ತಿಗೆ ಬಿದ್ದಾಗ ಒಳಗಿನವನಿಗೆ ಹೊರಬರುವುದೂ ಅಷ್ಟೇ ಕಷ್ಟ. ದ್ವೀಪದುರ್ಗಗಳಿಗೆಲ್ಲ ಸಹಜವಾದ ದೋಷವಿದು.

ಜನರ ಬಾಯಲ್ಲಿ ಉಳಿದಿರುವ ಕಥೆ ಬೇರೆ. ಅಶುಭಲಗ್ನದಲ್ಲಿ ಕಟ್ಟಿದ ಪಟ್ಟಣವಾದುದರಿಂದ ಅದು ಮೂರು ತಲೆಮಾರು ಮಾತ್ರ ಬಾಳಿತಂತೆ. ಎರಡನೆಯವನಾದ ನಂದಿರಾಜನು ಒಂದು ಆಚಾರದೋಷದ ಪ್ರಾಯಶ್ಚಿತ್ತಕ್ಕಾಗಿ ಕುದುರೆಯ ಕಣ್ಣಿಗೆ ಬಟ್ಟೆ ಕಟ್ಟಿ ಪತ್ನೀಸಮೇತನಾಗಿ ಗಗನಚುಕ್ಕಿಗೆ ಹಾರಿದನಂತೆ. ಅವನ ಮಗನೂ ಅದೇ ನೀರಿನಲ್ಲಿ ಕೊನೆಗಂಡನಂತೆ. ಬಳಿಕ ಚನ್ನಪಟ್ಟಣದ ಜಗದೇವರಾಯನೂ ತಲಕಾಡಿನ ಶ್ರೀರಂಗರಾಯನೂ ಬಂದು ಪ್ರಜೆಗಳನ್ನು ಬೇರೆಡೆಗೆ ಸಾಗಿಸಿದರಂತೆ. ಈ ಐತಿಹ್ಯದ ಕಾಲಗಣನೆಯು ಇತಿಹಾಸಕ್ಕೆ ಹೊಂದುವುದಿಲ್ಲ. ಆದರೂ ದೊರೆಯು ಹೋದೊಡನೆ ಊರೂ ಹೋಯಿತೆಂಬ ವಿಷಯದಲ್ಲಿ ಎರಡಕ್ಕೂ ಭೇದವಿಲ್ಲ. ಬೇಸಾಯವನ್ನೂ ವ್ಯಾಪಾರವನ್ನೂ ನಂಬಿ ಬೆಳೆದ ಊರು ಅರಸನು ಅಳಿದರೂ ಉಳಿಯುವುದು. ಅರಸನ ರಕ್ಷಣೆಯೊಂದಕ್ಕಾಗಿಯೇ ಹುಟ್ಟಿದ ಊರಿಗೆ ಆ ಭಾಗ್ಯವಿಲ್ಲ.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದಾಗ ದ್ವೀಪವು ಬಹುಮಟ್ಟಿಗೆ ನಿರ್ಜನವಾಗಿ ಕಾಡು ಬೆಳೆದಿದ್ದಿತು. ಅದನ್ನು ಮರಳಿ ಊರನ್ನಾಗಿಸಲು ಕೈಯಿಟ್ಟವನು ರಾಜನಲ್ಲ, ಮೈಸೂರಿನ ರೆಸಿಡೆಂಟರ ಬಳಿ ಸೇವೆಯಲ್ಲಿದ್ದ ರಾಮಸ್ವಾಮಿ ಮೊದಲಿಯಾರ್. 1818ರ ಬಳಿಕ ಆತನು ಕಾಡನ್ನು ಕಡಿಸಿದನು. ಪಾಳುಬಿದ್ದ ಸೇತುವೆಗಳನ್ನು ಸರಿಪಡಿಸಿದನು. ದೇವಾಲಯಗಳನ್ನು ಜೀರ್ಣೋದ್ಧಾರ ಮಾಡಿಸಿದನು. ಇದಕ್ಕೆ ಮೆಚ್ಚಿ ಬ್ರಿಟಿಷ್ ಸರ್ಕಾರವೂ ಮೈಸೂರು ಸಂಸ್ಥಾನವೂ ಅವನಿಗೆ ಜಹಗೀರನ್ನು ಕೊಟ್ಟುವು. ಶ್ರೀರಂಗಪಟ್ಟಣದ ಆದಿರಂಗ, ಶ್ರೀರಂಗದ ಅಂತ್ಯರಂಗಗಳ ನಡುವಣ ಮಧ್ಯರಂಗನ ಸನ್ನಿಧಿಗೆ ಯಾತ್ರಿಕರು ಸುಖವಾಗಿ ಬರುವಂತಾಯಿತು. ಸೋಮೇಶ್ವರನ ಗುಡಿಯೂ, ಗಗನಚುಕ್ಕಿಯ ಬಳಿಯಲ್ಲಿ ಮುಸಲ್ಮಾನರು ಭಕ್ತಿಯಿಂದ ಬರುವ ದರ್ಗಾವೂ ಈ ದ್ವೀಪದಲ್ಲಿಯೇ ಇರುವುವು. ದ್ರವ್ಯವಂತನೂ ಬಂದನು, ದೇವಾಲಯಗಳನ್ನು ನಂಬಿದ ವಿದ್ವಾಂಸರಿಗೂ ಎಡೆಯಾಯಿತು. ಆದರೆ ವೈದ್ಯನು ಗೆಲ್ಲಲಾರದ ಶತ್ರುವೊಂದು ಉಳಿದಿದ್ದಿತು. ಅದೇ ಚಳಿಜ್ವರ. ಕಾಡು, ನಿಂತ ನೀರು, ಬಂಡೆಗಳ ನಡುವಣ ಮಡುಗಳು ಸೇರಿ ಈ ಪ್ರದೇಶವನ್ನು ಜ್ವರದ ತವರನ್ನಾಗಿಸಿದ್ದುವು. ಯಾತ್ರಿಕನು ಒಂದು ರಾತ್ರಿ ಕಳೆದು ಹೋಗಬಹುದು. ಸಂಸಾರವಂದಿಗನು ಮಳೆಗಾಲವನ್ನೆಲ್ಲ ಕಳೆಯಬೇಕು.

ಮೂರನೆಯ ಬಾರಿ ಜನರನ್ನು ಕರೆತಂದುದು ನೀರಿನ ರಭಸ. ಆ ವರೆಗೆ ಕೋಲಾರದ ಚಿನ್ನದ ಗಣಿಗಳ ಯಂತ್ರಗಳು ಆವಿಯಿಂದ ನಡೆಯುತ್ತಿದ್ದುವು. ದಿವಾನ್ ಶೇಷಾದ್ರಿ ಅಯ್ಯರವರ ಆಡಳಿತದಲ್ಲಿ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅವರು ಯೋಜನೆಯನ್ನು ರೂಪಿಸಿದರು. ಜಲಪಾತದ ಮೇಲ್ಗಡೆ ನದಿಯಿಂದ ನಾಲೆ ತೆಗೆದು, ನೀರನ್ನು ಸುಮಾರು 400 ಅಡಿ ಕೆಳಕ್ಕೆ ಕೊಳವೆಗಳಲ್ಲಿ ಇಳಿಸಿ, ಅದರ ಬಲದಿಂದ ಚಕ್ರಗಳನ್ನು ತಿರುಗಿಸುವುದೇ ಅದರ ಸಾರ. 1902ನೆಯ ಜೂನ್ 30ರಂದು ವಿದ್ಯುತ್ತು 92 ಮೈಲಿ ದೂರದ ಕೋಲಾರದ ಗಣಿಗಳಿಗೆ ಹರಿಯಿತು. ಶೇಷಾದ್ರಿ ಅಯ್ಯರವರು ಅದನ್ನು ಕಾಣಲಿಲ್ಲ. 1901ರಲ್ಲಿಯೇ ಅವರು ತೀರಿಕೊಂಡಿದ್ದರು. ಇದೇ ಭರತಖಂಡದ ಮೊತ್ತಮೊದಲ ಜಲವಿದ್ಯುತ್ತೆಂದು ಅನೇಕರು ಹೇಳುವುದುಂಟು. ಡಾರ್ಜಿಲಿಂಗಿನ ಬಳಿಯ ಸಿದ್ರಾಪಾಂಗಿನಲ್ಲಿ 1897ರಲ್ಲಿಯೇ ಒಂದು ಚಿಕ್ಕ ಸ್ಥಾವರವಿದ್ದಿತು. ಇಷ್ಟು ದೊಡ್ಡ ಪ್ರಮಾಣದಲ್ಲಿ ಇಷ್ಟು ದೂರಕ್ಕೆ ಸಾಗಿಸಿದ ಕೀರ್ತಿ ಮಾತ್ರ ಶಿವನಸಮುದ್ರದ್ದೆ.

ಮಳವಳ್ಳಿಯ ಕಡೆಯ ದಿಣ್ಣೆಯ ಮೇಲೆ ನೌಕರರ ವಸತಿಗಳೆದ್ದುವು. ಇಂಗ್ಲಿಷರು ಕಡಿದಾದ ಆ ದಿಣ್ಣೆಯನ್ನು ಬ್ಲಫ್ ಎಂದರು; ನಮ್ಮ ಜನರೂ ಆ ಹೆಸರನ್ನೇ ಉಳಿಸಿಕೊಂಡರು. ನಿಯತವಾದ ಸಂಬಳ, ಸರ್ಕಾರದ ಮನೆ, ಬಾಗಿಲಲ್ಲಿ ಕಾವೇರಿ: ಇವು ಇಲ್ಲಿಯ ವಾಸದ ಗುಣಗಳು. ಕಡಿದಾದ ಇಳಿಜಾರಿನಲ್ಲಿ ಟ್ರಾಲಿಯಲ್ಲಿ ಇಳಿದು ಕೆಲಸಕ್ಕೆ ಹೋಗಬೇಕಾದುದು, ಪೇಟೆ ದೂರ, ಜ್ವರ ಹತ್ತಿರ: ಇವು ದೋಷಗಳು. ಸೊಳ್ಳೆಯೇ ಈ ಜ್ವರದ ವಾಹಕವೆಂಬುದಕ್ಕೆ ರೊನಾಲ್ಡ್ ರಾಸ್ ಅವರು ಸಿಕಂದರಾಬಾದಿನಲ್ಲಿ ಪ್ರಮಾಣ ಕಂಡುಕೊಂಡುದು 1897ರಲ್ಲಿ. ಕಾರಣ ತಿಳಿದಮಾತ್ರಕ್ಕೆ ರೋಗ ತೊಲಗಲಿಲ್ಲ. ದೇಶವ್ಯಾಪಿಯಾದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಆರಂಭವಾದುದು 1953ರಲ್ಲಿ. ಅಂದರೆ ಅರ್ಧ ಶತಮಾನ ಕಾಲ ನಾಡಿಗೆ ಬೆಳಕನ್ನು ಕಳುಹಿಸಿದವರು ಜ್ವರದ ಭಯವನ್ನು ತಮ್ಮಲ್ಲಿಯೇ ಇಟ್ಟುಕೊಂಡು ಬಾಳಿದರು.

ವಾಚಕರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. 1905ನೆಯ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ದೀಪ ಹೊತ್ತಿತು. ಬೇಸಗೆಯಲ್ಲಿ ನದಿ ಬಡವಾಗಿ ಗಣಿಗಳಿಗೆ ಶಕ್ತಿ ಕುಂದಬಾರದೆಂಬುದೂ 1911ರಲ್ಲಿ ಕನ್ನಂಬಾಡಿಯ ಕಟ್ಟೆಯನ್ನು ಆರಂಭಿಸಲು ಒಂದು ಮುಖ್ಯ ಕಾರಣವಾಯಿತು. ಜಲಪಾತಕ್ಕೆ ಹೊಂದಿಕೊಂಡ ಹಳ್ಳಿಗಳ ಸರದಿ ಬಂದುದು ಇವೆಲ್ಲದರ ಮೇಲೆ. ನಾನು ಉಪಾಧ್ಯಾಯನಾಗಿದ್ದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಈ ತಂತಿಗಳು ಎಲ್ಲಿಗೆ ಹೋಗುತ್ತವೆಂದು ಅವರು ಕೇಳುತ್ತಿದ್ದರು. ಅವುಗಳ ಕೆಳಗಿನ ಊರು ಯಾವುದೆಂದು ಕೇಳಿದವರಿಲ್ಲ.

ದ್ವೀಪದ ಸೀಮೆಯು 1956ರ ವರೆಗೆ ಮದರಾಸಿನ ಆಡಳಿತದಲ್ಲಿದ್ದು, ಆ ವರುಷ ಮೈಸೂರು ರಾಜ್ಯಕ್ಕೆ ಸೇರಿತು. ಯಾವ ಗಣಿಗಳಿಗಾಗಿ ಯಂತ್ರಗಳನ್ನು ಹೂಡಿದರೋ ಆ ಗಣಿಗಳು 2001ರಲ್ಲಿ ಮುಚ್ಚಿದುವು. ಸ್ಥಾವರವು ಮಾತ್ರ ಮುಚ್ಚಲಿಲ್ಲ; ವಿಸ್ತರಣೆಗಳ ಬಳಿಕ ಅದರ ಸಾಮರ್ಥ್ಯವು 42 ಮೆಗಾವಾಟಿಗೆ ಏರಿತು. 2018ರ ಪ್ರವಾಹದಲ್ಲಿ ವೆಸ್ಲಿ ಸೇತುವೆಯೆಂದು ಜನರು ಕರೆಯುವ ಹಳೆಯ ಕಲ್ಲುಸೇತುವೆಯ ಒಂದು ಭಾಗವು ಕುಸಿದುಬಿದ್ದಿತು.

ಈ ಮೂರು ವಸತಿಗಳನ್ನು ಒಟ್ಟಿಗೆ ತೂಗಿದರೆ ಕಾಣುವುದಿಷ್ಟು. ಅರಸನಿಗೆ ಇಲ್ಲಿ ಕೋಟೆ ಬೇಕಾಗಿದ್ದಿತು, ಯಾತ್ರಿಕನಿಗೆ ದಾರಿ ಬೇಕಾಗಿದ್ದಿತು, ಗಣಿಯವನಿಗೆ ಶಕ್ತಿ ಬೇಕಾಗಿದ್ದಿತು. ಈ ಸ್ಥಳವು ಮೂವರಿಗೂ ಬೇಡಿದುದನ್ನು ಕೊಟ್ಟಿತು. ಆದರೆ ಪ್ರಯೋಜನವು ಹೊರಗಿನವನಿಗೂ ಕಷ್ಟವು ಒಳಗಿನವನಿಗೂ ಹಂಚಿಹೋದುವು. ಇದು ನೆಲದ ದೋಷವಲ್ಲ. ಜ್ವರವನ್ನು ಅಡಗಿಸಬಹುದೆಂಬುದನ್ನೂ ಮುರಿದ ಸೇತುವೆಯನ್ನು ಮರಳಿ ನಿಲ್ಲಿಸಬಹುದೆಂಬುದನ್ನೂ ಚರಿತ್ರೆಯೇ ತೋರಿಸಿದೆ. ಶಾಸ್ತ್ರವು ಹೇಳಿದ ಐದರ ಜೊತೆಗೆ ಆರನೆಯದೊಂದನ್ನು ಸೇರಿಸುವ ಸ್ವಾತಂತ್ರ್ಯವು ನನಗಿದ್ದರೆ, ಊರಿನ ಸಂಪತ್ತಿನಲ್ಲಿ ಊರವನಿಗೂ ಪಾಲುಂಟೆ ಎಂಬುದನ್ನೇ ಸೇರಿಸುವೆನು. ಶಿವನಸಮುದ್ರದ ಸೇತುವೆ, ವಸತಿ, ದೇವಾಲಯಗಳ ವಿಚಾರದಲ್ಲಿ ನಿರ್ಣಯ ಕೈಗೊಳ್ಳತಕ್ಕವರು ಜಲಪಾತವನ್ನು ನೋಡಲು ಬರುವವರ ಅನುಕೂಲವನ್ನು ಹೇಗೋ ಹಾಗೆಯೇ, ಮಳೆಗಾಲ ಮುಗಿದು ಜನಜಂಗುಳಿ ಚದುರಿದ ಮೇಲೂ ಅಲ್ಲಿಯೇ ಒಲೆ ಹಚ್ಚುವವರ ಅನುಕೂಲವನ್ನೂ ಚಿಂತಿಸಬೇಕೆಂದು ಪ್ರಾರ್ಥನೆ.